ಎಲೆಯೊಳಗಿನ ಮೀನು, ಪುಸ್ತಕದ ಹೊರಗಿನ ಪಾಠ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



‘ಮನೆ ಮತ್ತು ಶಿಕ್ಷಣ’ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘದ ಹಿರಿಯರು ನನಗೆ ಹೇಳಿದಾಗ, ನಾನು ಬಿ.ಎಡ್. ತರಗತಿಯ ಹಳೆಯ ಟಿಪ್ಪಣಿಗಳನ್ನು ತೆಗೆದು ನೋಡಿದೆ. ಅಲ್ಲಿ ಮನೆಯ ವಾತಾವರಣ, ಪೋಷಕರ ಪಾತ್ರ, ಕಲಿಕೆಯ ಮೇಲೆ ಪರಿಸರದ ಪ್ರಭಾವ ಎಂದು ಬೇಕಾದಷ್ಟು ಇತ್ತು. ಅದನ್ನೇ ಓದಿ ಹೇಳಿದರೆ ನೀವು ಸೌಜನ್ಯಕ್ಕೆ ಚಪ್ಪಾಳೆ ತಟ್ಟುತ್ತಿದ್ದಿರಿ, ನಾನೂ ಕುಳಿತುಕೊಳ್ಳುತ್ತಿದ್ದೆ. ಆದರೆ ಈ ವಿಷಯದಲ್ಲಿ ನನಗೆ ನಿಜವಾಗಿ ಪಾಠ ಕಲಿಸಿದ್ದು ಆ ಟಿಪ್ಪಣಿಯಲ್ಲ. ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಒಂದು ಹಿಡಿ ಮೀನು. ಆದ್ದರಿಂದ ಇಂದು ಮೀನಿನ ಬಗ್ಗೆಯೇ ಮಾತನಾಡುತ್ತೇನೆ. ದಯವಿಟ್ಟು ನಗಬೇಡಿ. ಅಥವಾ ಈಗಲೇ ನಕ್ಕುಬಿಡಿ, ಮುಂದಿನ ಮಾತು ಅಷ್ಟು ನಗುವಂಥದ್ದಲ್ಲ.

ನಾನು ಶಿವಮೊಗ್ಗದ ಕಡೆಯವಳು. ಮನೆಮಾತು ದಖನಿ ಉರ್ದು. ನಮ್ಮ ಅಮ್ಮಿ ಮೀನನ್ನು ತವೆಯ ಮೇಲೆ ಹುರಿಯುತ್ತಿದ್ದರು, ಇಲ್ಲವೆ ಸಾರು ಮಾಡುತ್ತಿದ್ದರು. ಮೀನು ಎಂದರೆ ಈ ಎರಡೇ ಎಂದು ನಾನು ತಿಳಿದಿದ್ದೆ. ಬಿ.ಎಡ್. ಮುಗಿಸಿ ಮೊದಲ ಕೆಲಸಕ್ಕೆಂದು ಕರಾವಳಿಯ ಒಂದು ಹಳ್ಳಿಯ ಪ್ರೌಢಶಾಲೆಗೆ ಬಂದೆ. ಅಲ್ಲಿ ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುತ್ತಿದ್ದೆ. ಕೈಯಲ್ಲಿ ಪದವಿ ಹೊಸದು, ಮನಸ್ಸಿನಲ್ಲಿ ಹುರುಪು ಜಾಸ್ತಿ. ಮಕ್ಕಳನ್ನು ತಿದ್ದುವುದೇ ಶಿಕ್ಷಕಿಯ ಕೆಲಸ ಎಂಬ ಭಾವನೆ.

ಅದು ಆಗಸ್ಟ್ ತಿಂಗಳು. ಜೋರು ಮಳೆ. ಇರಚಲು ಬರುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದೆವು. ಮಧ್ಯಾಹ್ನ ಮಕ್ಕಳು ತರಗತಿಯಲ್ಲೇ ಊಟಕ್ಕೆ ಕುಳಿತರು. ಎಂಟನೇ ತರಗತಿಯ ಒಬ್ಬ ಹುಡುಗಿ ತನ್ನ ಬುತ್ತಿಯಿಂದ ಕಪ್ಪಾಗಿ ಸುಟ್ಟ ಬಾಳೆಲೆಯ ಪೊಟ್ಟಣ ತೆಗೆದು ಬಿಚ್ಚಿದಳು. ಮೀನಿನ ವಾಸನೆ, ಅದರ ಜೊತೆಗೆ ನನಗೆ ಗುರುತೇ ಸಿಗದ ಇನ್ನೊಂದು ಘಾಟು, ಕೋಣೆಯ ತುಂಬ ಹರಡಿತು. ಹಿಂದಿನ ಬೆಂಚಿನಲ್ಲಿ ಯಾರೋ ಮೂಗು ಮುಚ್ಚಿಕೊಂಡು ಕಿಸಕ್ಕನೆ ನಕ್ಕರು. ನಕ್ಕವರನ್ನು ಗದರಿಸುವ ಬದಲು ನಾನು ಅವಳನ್ನೇ ಗದರಿಸಿದೆ. ‘ಇದನ್ನೆಲ್ಲ ಶಾಲೆಗೆ ತರಬಾರದು. ನಾಳೆಯಿಂದ ಒಳ್ಳೆಯ ಊಟ ತಾ’ ಎಂದೆ.

‘ಒಳ್ಳೆಯ ಊಟ’ ಎಂಬ ಆ ಎರಡು ಪದಗಳನ್ನು ನೆನಪಿಡಿ. ಆಡಿದ ನಾನು ಅಂದು ಸಂಜೆಯೇ ಮರೆತೆ. ಕೇಳಿದ ಅವಳು ಮರೆಯಲಿಲ್ಲ. ಮರುದಿನದಿಂದ ಅವಳು ಊಟದ ಹೊತ್ತಿಗೆ ಜಗಲಿಯ ಮೂಲೆಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಕುಳಿತು ಊಟ ಮಾಡತೊಡಗಿದಳು. ನಾನದನ್ನು ನೋಡಿದೆ, ಆದರೆ ಯೋಚಿಸಲಿಲ್ಲ.

ಒಂದು ತಿಂಗಳ ನಂತರ ಕನ್ನಡ ತರಗತಿಯಲ್ಲಿ ‘ನಮ್ಮ ಮನೆಯ ಅಡುಗೆ’ ಎಂಬ ವಿಷಯದ ಮೇಲೆ ಒಂದು ಪುಟ ಬರೆಯಲು ಹೇಳಿದೆ. ಅವಳು ಪನೀರ್ ಬಟರ್ ಮಸಾಲದ ಬಗ್ಗೆ ಬರೆದಿದ್ದಳು. ಅಕ್ಷರ ಮುತ್ತಿನಂತೆ, ಕಾಗುಣಿತದ ತಪ್ಪು ಒಂದೂ ಇಲ್ಲ. ಹತ್ತಕ್ಕೆ ಎಂಟು ಅಂಕ ಕೊಟ್ಟು, ‘ಮನೆಯಲ್ಲಿ ಇದನ್ನು ಯಾರು ಮಾಡುತ್ತಾರೆ?’ ಎಂದು ಸುಮ್ಮನೆ ಕೇಳಿದೆ. ಅವಳು ತಲೆ ತಗ್ಗಿಸಿ, ‘ಯಾರೂ ಮಾಡುವುದಿಲ್ಲ ಟೀಚರ್. ಹೋಟೆಲಿನ ಬೋರ್ಡಿನಲ್ಲಿ ಓದಿದ್ದು’ ಎಂದಳು.

ಸಭಿಕರೇ, ಒಂದು ಮಗು ಪರೀಕ್ಷೆಯಲ್ಲಿ ನಕಲು ಮಾಡಿದರೆ ನಾವು ಹಿಡಿಯುತ್ತೇವೆ. ಈ ಮಗು ತನ್ನ ಮನೆಯನ್ನೇ ಅಳಿಸಿ, ಅದರ ಜಾಗದಲ್ಲಿ ಹೋಟೆಲಿನ ಬೋರ್ಡನ್ನು ನಕಲು ಮಾಡಿತ್ತು. ಹಾಗೆ ಮಾಡಲು ಹೇಳಿಕೊಟ್ಟವಳು ನಾನು.

ಆ ಶನಿವಾರ ಶಾಲೆ ಬಿಟ್ಟ ಮೇಲೆ ಅವಳ ಮನೆಗೆ ಹೋದೆ. ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದರು. ಅವರದು ಬ್ಯಾರಿ ಭಾಷೆ, ನನ್ನದು ದಖನಿ. ಇಬ್ಬರಿಗೂ ಬರುವ ಕನ್ನಡದಲ್ಲಿ ಮಾತಾಡಿದೆವು. ಬಂದ ಕಾರಣ ಹೇಳಲು ನನಗೆ ಬಾಯಿ ಬರಲಿಲ್ಲ. ‘ಅಜ್ಜಿ, ಆ ಎಲೆಯ ಮೀನು ಹೇಗೆ ಮಾಡುತ್ತೀರಿ, ನನಗೂ ಕಲಿಸಿ’ ಎಂದೆ. ಅವರು, ‘ಅದರಲ್ಲಿ ಕಲಿಯುವುದು ಎಂಥದು ಟೀಚರೇ, ಬನ್ನಿ ಒಳಗೆ’ ಎಂದು ನಕ್ಕರು. ಕಲಿಯುವುದು ಎಷ್ಟಿತ್ತು ಎಂಬುದನ್ನು ಈಗ ಹೇಳುತ್ತೇನೆ.

ಮೊದಲು ಅವರು ಹಿತ್ತಲಿನಿಂದ ಒಂದು ಬಾಳೆಲೆ ಕೊಯ್ದು ತಂದರು. ಅದರ ದಪ್ಪ ದಿಂಡನ್ನು ಕತ್ತಿಯಿಂದ ಸವರಿ ತೆಗೆದರು. ಎಲೆಯನ್ನು ಒಲೆಯ ಉರಿಯ ಮೇಲೆ ಆಚೆ ಈಚೆ ಆಡಿಸಿದರು. ನೋಡುತ್ತಿದ್ದಂತೆ ತಿಳಿ ಹಸಿರು ಎಲೆ ಕಡು ಹಸಿರಾಗಿ, ಹೊಳಪು ಬಂದು, ಬಟ್ಟೆಯಂತೆ ಮೆತ್ತಗಾಯಿತು. ಬಳಿಕ ಅಂಗಳದ ಬದಿಯಿಂದ ನಾಲ್ಕು ಅರಿಶಿನದ ಎಲೆ ತಂದರು. ಅಂದು ನನಗೆ ಗುರುತು ಸಿಗದ ಘಾಟು ಇದರದ್ದೇ. ‘ಗಿಡ ನಮ್ಮದಲ್ಲ, ಪಕ್ಕದ ಮನೆಯವರು ಕೊಟ್ಟ ಗೆಡ್ಡೆ. ನಾಗರಪಂಚಮಿಗೆ ಅವರು ಇದೇ ಎಲೆಯಲ್ಲಿ ಬೆಲ್ಲ ಕಾಯಿ ಹಾಕಿ ಕಡುಬು ಮಾಡುತ್ತಾರೆ, ನಾವು ಮೀನು ಮಾಡುತ್ತೇವೆ’ ಎಂದರು.

ಮೀನು ಬೊಳಂಜಿರ್, ಬೆರಳಿಗಿಂತ ಸಣ್ಣದು. ಅರ್ಧ ಕಿಲೋದಷ್ಟು ಮೀನನ್ನು ತಲೆ ಮುರಿದು, ತೊಳೆದು, ನೀರು ಬಸಿದಿಟ್ಟಿದ್ದರು. ಅರ್ಧ ತೆಂಗಿನಕಾಯಿಯ ತುರಿ, ಎಂಟು ಬ್ಯಾಡಗಿ ಮೆಣಸು, ಚೂರು ಅರಿಶಿನ, ಶುಂಠಿ, ನಾಲ್ಕು ಸಣ್ಣ ನೀರುಳ್ಳಿ, ಅಡಿಕೆ ಗಾತ್ರದ ಹುಣಸೆಹುಳಿ, ಉಪ್ಪು. ಇಷ್ಟನ್ನೂ ನೀರು ಹೆಚ್ಚು ಹಾಕದೆ ತರಿತರಿಯಾಗಿ ರುಬ್ಬಿ ಮೀನಿಗೆ ಕಲಸಿದರು. ಬಾಳೆಲೆಯ ಮೇಲೆ ಅರಿಶಿನದ ಎಲೆ, ಅದರ ಮೇಲೆ ಮೀನು. ನಾಲ್ಕು ಕಡೆಯಿಂದ ಮಡಚಿ, ಬಾಳೆನಾರಿನಿಂದ ಕಟ್ಟಿ, ಕಾವಲಿಯ ಮೇಲಿಟ್ಟು ಮುಚ್ಚಳ ಮುಚ್ಚಿದರು. ಸಣ್ಣ ಉರಿಯಲ್ಲಿ ಒಂದೊಂದು ಬದಿ ಎಂಟು ಹತ್ತು ನಿಮಿಷ. ಹೊರಗಿನ ಎಲೆ ಕರಕಲಾಯಿತು. ‘ಮೊದಲೆಲ್ಲ ಕಾವಲಿಯೂ ಇಲ್ಲ, ಕೆಂಡದ ಬೂದಿಯೊಳಗೆ ಹುಗಿಯುತ್ತಿದ್ದೆವು’ ಎಂದರು ಅಜ್ಜಿ.

ಈಗ ವಿಜ್ಞಾನದ ವಿದ್ಯಾರ್ಥಿಗಳು ಸ್ವಲ್ಪ ಗಮನ ಕೊಡಿ. ಅಜ್ಜಿ ಮಾಡಿದ ಪ್ರತಿಯೊಂದು ಕೆಲಸದ ಹಿಂದೆ ನಿಮ್ಮ ಪಠ್ಯಪುಸ್ತಕದ ಒಂದೊಂದು ಪಾಠವಿದೆ.

ಎಲೆಯನ್ನು ಉರಿಗೆ ಹಿಡಿದದ್ದು ಯಾಕೆ? ಬಾಳೆಲೆಯ ನರಗಳು ಒಂದಕ್ಕೊಂದು ಸಮಾನಾಂತರವಾಗಿ ಇರುತ್ತವೆ. ಹಸಿ ಎಲೆಯನ್ನು ಮಡಚಿದರೆ ಆ ನರಗಳ ಗುಂಟ ಸೀಳಿಹೋಗುತ್ತದೆ. ಎಲೆಯ ಮೇಲೆ ಮೇಣದ ತೆಳುವಾದ ಪದರವಿದೆ. ಬಿಸಿಗೆ ಅದು ಕರಗಿ ಹೊಳೆಯುತ್ತದೆ, ಎಲೆ ಬಾಡಿ ಬಾಗುತ್ತದೆ. ಮಳೆನೀರು ಎಲೆಯ ಮೇಲೆ ನಿಲ್ಲದೆ ಜಾರಿಹೋಗುವುದೂ ಈ ಮೇಣದಿಂದಲೇ, ಮಸಾಲೆಯ ರಸ ಸೋರಿಹೋಗದಿರುವುದೂ ಇದರಿಂದಲೇ.

ಎಲೆಯೊಳಗೆ ಮೀನು ಬೇಯುವುದು ಹೇಗೆ? ಕಾದ ಕಾವಲಿಯ ಬಿಸಿ 100 ಡಿಗ್ರಿ ಸೆಲ್ಸಿಯಸ್ಸಿಗಿಂತ ಎಷ್ಟೋ ಹೆಚ್ಚು. ಆದರೆ ಪೊಟ್ಟಣದೊಳಗೆ ಮೀನಿನ ನೀರು, ಮಸಾಲೆಯ ನೀರು ಇದೆ. ಆ ತೇವ ಇರುವಷ್ಟು ಹೊತ್ತು ಒಳಗಿನ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಆವಿಯಾಗುತ್ತದೆ, ಆವಿ ಮೀನಿಗೆ ತಾಗಿ ಮತ್ತೆ ನೀರಾಗುತ್ತದೆ, ಹಾಗೆ ನೀರಾಗುವಾಗ ತನ್ನೊಳಗಿನ ಶಾಖವನ್ನು ಮೀನಿಗೆ ಬಿಟ್ಟುಕೊಡುತ್ತದೆ. ಒಂಬತ್ತನೇ ತರಗತಿಯವರು ‘ಗುಪ್ತೋಷ್ಣ’ ಎಂದು ಬಾಯಿಪಾಠ ಮಾಡುತ್ತೀರಲ್ಲ, ಅದು ಇದೇ. ಹೊರಗೆ ಎಲೆ ಸುಟ್ಟು ಕಪ್ಪಾದರೂ ಒಳಗೆ ಮೀನು ಸೀಯುವುದಿಲ್ಲ.

ಮೀನಿಗೇ ಇದು ಯಾಕೆ ಬೇಕು? ಮೀನು ನೀರಿನಲ್ಲಿ ತೇಲುವ ಪ್ರಾಣಿ, ತನ್ನ ಭಾರವನ್ನು ಕಾಲಿನ ಮೇಲೆ ಹೊರುವುದಿಲ್ಲ. ಆದ್ದರಿಂದ ಅದರ ಮಾಂಸದ ಎಳೆಗಳು ಗಿಡ್ಡ, ಅವುಗಳನ್ನು ಬಂಧಿಸುವ ಅಂಗಾಂಶವೂ ಕಡಿಮೆ. ಸುಮಾರು 60 ಡಿಗ್ರಿಗೆಲ್ಲ ಮೀನಿನ ಮಾಂಸ ಬೆಂದು ಗಟ್ಟಿಯಾಗುತ್ತದೆ, ಇನ್ನೂ ಕಾಯಿಸಿದರೆ ಒಣಗಿ ಪುಡಿಯಾಗುತ್ತದೆ. ಸಣ್ಣ ಮೀನನ್ನು ಕಾವಲಿಯಲ್ಲಿ ಮಗುಚುವುದರೊಳಗೆ ಅದು ಮುರಿದಿರುತ್ತದೆ. ಎಲೆ ಅದನ್ನು ತೊಟ್ಟಿಲಂತೆ ಹಿಡಿದುಕೊಳ್ಳುತ್ತದೆ. ಮಗುಚುವುದು ಪೊಟ್ಟಣವನ್ನು, ಮೀನನ್ನಲ್ಲ. ಎಣ್ಣೆ ಒಂದು ಚಮಚವೂ ಬೇಕಾಗುವುದಿಲ್ಲ.

ಅರಿಶಿನದ ಎಲೆ ಯಾಕೆ? ಅದರ ಪರಿಮಳ ಎಲೆಯಲ್ಲಿರುವ, ಬೇಗ ಆವಿಯಾಗುವ ತೈಲದ್ದು. ತೆರೆದ ಪಾತ್ರೆಯಲ್ಲಿ ಅದು ಗಾಳಿಗೆ ಹಾರಿಹೋಗುತ್ತದೆ. ಕಟ್ಟಿದ ಪೊಟ್ಟಣದಲ್ಲಿ ಆವಿಯ ಜೊತೆ ಸುತ್ತಿ ಸುತ್ತಿ ಮೀನಿಗೇ ಹಿಡಿಯುತ್ತದೆ.

ಕಾಲದ ಲೆಕ್ಕವನ್ನೂ ನೋಡಿ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮರಿ ಮಾಡುವ ಕಾಲ ಅದು, ಕಡಲೂ ಒರಟು. ಅರಿಶಿನದ ಗೆಡ್ಡೆ ಮೊದಲ ಮಳೆಗೆ ಚಿಗುರುತ್ತದೆ. ಆಗಸ್ಟ್ ಹೊತ್ತಿಗೆ ಅದರ ಎಲೆ ಅಂಗೈಗಿಂತ ಅಗಲವಾಗಿ ಸುತ್ತಲು ಯೋಗ್ಯವಾಗುತ್ತದೆ. ಅದೇ ಹೊತ್ತಿಗೆ ದೋಣಿಗಳು ಮತ್ತೆ ಕಡಲಿಗೆ ಇಳಿಯುತ್ತವೆ. ಆ ಹುಡುಗಿ ಆಗಸ್ಟಿನಲ್ಲಿ ಆ ಪೊಟ್ಟಣ ತಂದದ್ದು ಆಕಸ್ಮಿಕವಲ್ಲ. ವರ್ಷಕ್ಕೊಮ್ಮೆ ಬರುವ ರುಚಿಯನ್ನು ಗೆಳತಿಯರಿಗೆ ಹಂಚಲು ತಂದಿದ್ದಳು. ಇದನ್ನು ನನಗೆ ಹೇಳಿದ್ದು ಅಜ್ಜಿ. ಅಂದು ಪೊಟ್ಟಣದಲ್ಲಿ ನಾಲ್ಕು ಜನಕ್ಕಾಗುವಷ್ಟು ಮೀನಿತ್ತಂತೆ.

ಅಂದು ಅವರ ಮನೆಯಲ್ಲೇ ಊಟ ಮಾಡಿದೆ. ಎಲೆ ಬಿಚ್ಚಿದಾಗ ಬಂದ ಆ ಘಮವನ್ನು ನಾನು ಶಾಲೆಯಲ್ಲಿ ‘ವಾಸನೆ’ ಎಂದಿದ್ದೆ. ಹೊರಡುವ ಮೊದಲು ಹುಡುಗಿಯನ್ನೂ ಅಜ್ಜಿಯನ್ನೂ ಕೂರಿಸಿಕೊಂಡು ಕ್ಷಮೆ ಕೇಳಿದೆ. ಹುಡುಗಿ ಏನೂ ಹೇಳಲಿಲ್ಲ. ಅಜ್ಜಿ ಮಾತ್ರ, ‘ಟೀಚರು ಅಲ್ಲವಾ, ಬೈದರೆ ಒಳ್ಳೆಯದಕ್ಕೇ’ ಎಂದರು. ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಅಂದಿನಿಂದ ಮೀನನ್ನು ಎಲೆಯಲ್ಲಿ ಬೇಯಿಸುವವರು ಇನ್ನೆಲ್ಲಿ ಇದ್ದಾರೆ ಎಂದು ಓದತೊಡಗಿದೆ. ಓದಿದಷ್ಟೂ ನನ್ನ ಅಜ್ಞಾನ ದೊಡ್ಡದಾಗಿ ಕಂಡಿತು.

ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಸಿಸಿಲಿ ದ್ವೀಪದ ಗೆಲಾ ಎಂಬಲ್ಲಿ ಆರ್ಕೆಸ್ಟ್ರಾಟಸ್ ಎಂಬ ಗ್ರೀಕ್ ಕವಿ ಇದ್ದ. ಊರೂರು ಸುತ್ತಿ ಎಲ್ಲಿ ಯಾವ ಮೀನು ಚೆನ್ನಾಗಿದೆ, ಹೇಗೆ ಬೇಯಿಸಬೇಕು ಎಂದು ಪದ್ಯದಲ್ಲಿ ಬರೆದವನು. ಕೇದರದ ಜಾತಿಗೆ ಸೇರಿದ ಒಂದು ಮೀನನ್ನು ಅಂಜೂರದ ಎಲೆಯಲ್ಲಿ ಸುತ್ತಿ, ಸ್ವಲ್ಪವೇ ಪರಿಮಳದ ಸೊಪ್ಪು ಸೇರಿಸಿ, ಜೊಂಡಿನ ದಾರದಿಂದ ಕಟ್ಟಿ, ಬಿಸಿ ಬೂದಿಯೊಳಗೆ ಹುಗಿಯಬೇಕು ಎಂದು ಅವನು ಹೇಳಿದ್ದಾನೆ. ಬಾಳೆಲೆಯ ಬದಲು ಅಂಜೂರದ ಎಲೆ, ಬಾಳೆನಾರಿನ ಬದಲು ಜೊಂಡು. ಉಳಿದದ್ದು ಅಜ್ಜಿ ಹೇಳಿದ ಹಾಗೆಯೇ. 2300 ವರ್ಷಗಳ ಹಿಂದಿನ ಗ್ರೀಕ್ ಕವಿಗೂ ನಮ್ಮ ಕರಾವಳಿಯ ಅಜ್ಜಿಗೂ ಪರಿಚಯವಿಲ್ಲ. ಇಬ್ಬರಿಗೂ ಮೀನಿನ ಪರಿಚಯವಿತ್ತು, ಬೆಂಕಿಯ ಪರಿಚಯವಿತ್ತು.

ಮುಂಬೈ ಮತ್ತು ಗುಜರಾತಿನ ಪಾರ್ಸಿ ಜನರಲ್ಲಿ ‘ಪತ್ರಾನಿ ಮಚ್ಛಿ’ ಎಂಬ ಅಡುಗೆಯಿದೆ. ಪಾಂಫ್ರೆಟ್, ಅಂದರೆ ನಮ್ಮ ಮಾಂಜಿ ಮೀನಿಗೆ ತೆಂಗಿನಕಾಯಿ, ಕೊತ್ತಂಬರಿ, ಪುದೀನ, ಹಸಿಮೆಣಸಿನ ಹಸಿರು ಚಟ್ನಿ ಬಳಿದು, ಬಾಳೆಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಅವರ ಮದುವೆಯ ಊಟಕ್ಕೆ ಇದು ಬೇಕೇ ಬೇಕು. ಬಂಗಾಳದಲ್ಲಿ ಇದಕ್ಕೆ ‘ಪಾತುರಿ’ ಎಂದು ಹೆಸರು. ಹಿಲ್ಸಾ ಅಥವಾ ಭೇಟ್ಕಿ ಮೀನಿಗೆ ಅರೆದ ಸಾಸಿವೆ ಹಚ್ಚಿ ಬಾಳೆಲೆಯಲ್ಲಿ ಸುತ್ತುತ್ತಾರೆ. ಸೋರೆ ಅಥವಾ ಕುಂಬಳದ ಎಲೆಯಲ್ಲಿ ಸುತ್ತಿದರೆ ಮೀನಿನ ಜೊತೆ ಎಲೆಯನ್ನೂ ತಿನ್ನುತ್ತಾರೆ. ಅಸ್ಸಾಮಿನ ಹಳ್ಳಿಗಳಲ್ಲಿ ಮೀನನ್ನು ಬಾಳೆಲೆಯಲ್ಲಿ ಕಟ್ಟಿ ಕೆಂಡದ ಮೇಲಿಡುತ್ತಾರೆ. ಪಕ್ಕದ ಕೇರಳದ ಹಿನ್ನೀರಿನ ಕರಿಮೀನನ್ನು ಬಾಳೆಲೆಯಲ್ಲಿ ಬೇಯಿಸುವ ‘ಕರಿಮೀನ್ ಪೊಳ್ಳಿಚ್ಚತ್’ ನಿಮ್ಮಲ್ಲಿ ಹಲವರಿಗೆ ಗೊತ್ತು. ಆ ರಾಜ್ಯ 2010ರಲ್ಲಿ ಕರಿಮೀನನ್ನು ತನ್ನ ರಾಜ್ಯ ಮೀನು ಎಂದು ಘೋಷಿಸಿತು. ಒಂದು ರಾಜ್ಯ ಗೌರವ ಕೊಟ್ಟ ಮೀನು, ಒಂದು ಸಮಾಜ ಮದುವೆಗೆ ಬಡಿಸುವ ಮೀನು. ಅದರ ಹತ್ತಿರದ ಬಂಧುವನ್ನೇ ನಾನು ‘ಒಳ್ಳೆಯ ಊಟವಲ್ಲ’ ಎಂದದ್ದು.

ಕಡಲು ದಾಟಿದರೂ ಇದೇ ಕಥೆ. ಇಂಡೋನೇಷ್ಯಾದ ಪಶ್ಚಿಮ ಜಾವಾದ ಸುಂಡಾ ಜನರಲ್ಲಿ ಇದರ ಹೆಸರು ‘ಪೆಪೆಸ್’. ಮೀನಿಗೆ ಅರಿಶಿನ, ಮೆಣಸು, ನೀರುಳ್ಳಿ ಅರೆದು ಹಚ್ಚಿ, ಕಾಮಕಸ್ತೂರಿಯಂಥ ಸೊಪ್ಪು ಸೇರಿಸಿ ಬಾಳೆಲೆಯಲ್ಲಿ ಸುತ್ತುತ್ತಾರೆ. ಎರಡೂ ತುದಿಗೆ ತೆಂಗಿನ ಗರಿಯ ಕಡ್ಡಿ ಚುಚ್ಚುತ್ತಾರೆ. ನಮ್ಮಲ್ಲಿ ಅಂಗಳ ಗುಡಿಸುವ ಹಿಡಿಸೂಡಿಯ ಕಡ್ಡಿಯೇ ಅಲ್ಲಿ ಅಡುಗೆಯ ಗುಂಡುಸೂಜಿ. ಮಲೇಷ್ಯಾದ ‘ಒತಾಕ್ ಒತಾಕ್’ನಲ್ಲಿ ಮೀನನ್ನು ಅರೆದು, ಮಸಾಲೆ ಕಲಸಿ, ಎಲೆಯಲ್ಲಿ ಇಟ್ಟು ಕೆಂಡದಲ್ಲಿ ಸುಡುತ್ತಾರೆ. ಶಾಂತಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ ‘ಲಾವ್‌ಲಾವ್’ ಎಂಬ ಪೊಟ್ಟಣವಿದೆ. ಮೀನು ಅಥವಾ ಮಾಂಸವನ್ನು ಒಳಗೆ ಕೆಸುವಿನ ಎಲೆಯಲ್ಲಿ ಸುತ್ತಿ, ಹೊರಗೆ ಬೇರೊಂದು ಗಟ್ಟಿ ಎಲೆಯಿಂದ ಕಟ್ಟುತ್ತಾರೆ. ಹೊರಗಿನದನ್ನು ಬಿಸಾಡಿ ಒಳಗಿನದನ್ನು ತಿನ್ನುತ್ತಾರೆ.

ಕೆಸುವಿನ ಎಲೆ ಎಂದಾಗ ನಿಮ್ಮಲ್ಲಿ ಕೆಲವರು ಮುಗುಳ್ನಕ್ಕಿರಿ. ಹೌದು, ನಮ್ಮ ಪತ್ರೊಡೆಯ ಎಲೆಯೇ. ಆ ಎಲೆಯಲ್ಲಿ ಸೂಜಿಯಂಥ ಸಣ್ಣ ಹರಳುಗಳಿವೆ, ಕ್ಯಾಲ್ಸಿಯಂ ಆಕ್ಸಲೇಟಿನವು. ಸರಿಯಾಗಿ ಬೇಯಿಸದಿದ್ದರೆ ಬಾಯಿ, ಗಂಟಲು ತುರಿಸುತ್ತದೆ. ಅದಕ್ಕೇ ಹವಾಯಿಯವರು ಗಂಟೆಗಟ್ಟಲೆ ಬೇಯಿಸುತ್ತಾರೆ. ನಮ್ಮವರು ಹುಣಸೆಹುಳಿ ಸೇರಿಸಿ ಚೆನ್ನಾಗಿ ಬೇಯಿಸುತ್ತಾರೆ.

ನಾನು ಭಾಷೆ ಕಲಿಸುವವಳು, ಒಂದು ಮಾತು ಪದಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಪಾರ್ಸಿಗಳ ‘ಪತ್ರಾನಿ’, ಬಂಗಾಳಿಗಳ ‘ಪಾತುರಿ’, ತುಳುನಾಡಿನ ‘ಪತ್ರೊಡೆ’, ನನ್ನ ಅಮ್ಮಿ ಉರ್ದುವಿನಲ್ಲಿ ಹೇಳುವ ‘ಪತ್ತಾ’, ಎಲ್ಲದರ ಬೇರು ಒಂದೇ. ಎಲೆ ಎಂಬ ಅರ್ಥದ ಸಂಸ್ಕೃತದ ‘ಪತ್ರ’. ಕನ್ನಡದಲ್ಲಿ ಪತ್ರ ಎಂದರೆ ಎಲೆಯೂ ಹೌದು, ಕಾಗದವೂ ಹೌದು. ಆ ಮಗು ಮನೆಯಿಂದ ಶಾಲೆಗೆ ಒಂದು ಪತ್ರ ತಂದಿತ್ತು. ನಾನು ಓದದೆ ಹಿಂದಕ್ಕೆ ಕಳುಹಿಸಿದೆ.

ಈಗ ಮನೆಯಲ್ಲಿ ಮಾಡಿ ನೋಡುವವರಿಗೆ ಕೆಲವು ಎಚ್ಚರಿಕೆಯ ಮಾತು. ಕಂಡ ಕಂಡ ಎಲೆಯಲ್ಲಿ ಸುತ್ತಬೇಡಿ. ಕಣಗಿಲೆಯಂಥ ಗಿಡದ ಎಲೆ ವಿಷ. ಹಿರಿಯರು ಬಳಸಿ ಗೊತ್ತಿರುವ ಎಲೆಯನ್ನೇ ಬಳಸಿ, ಔಷಧಿ ಸಿಂಪಡಿಸಿದ ತೋಟದ ಎಲೆ ಬೇಡ. ಎರಡನೆಯದು, ಎಲೆ ಮೀನನ್ನು ಬೇಯಿಸುತ್ತದೆಯೇ ಹೊರತು ಕೆಡದಂತೆ ಕಾಯುವುದಿಲ್ಲ. ಬಂಗುಡೆ, ಬೂತಾಯಿ, ಕೇದರದಂಥ ಮೀನುಗಳನ್ನು ಹಿಡಿದ ಮೇಲೆ ಮಂಜುಗಡ್ಡೆಯಲ್ಲಿ ಇಡದಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಹೆಚ್ಚುತ್ತದೆ. ಅದರಿಂದ ಮುಖ ಕೆಂಪಾಗಿ ತುರಿಕೆ, ತಲೆನೋವು, ವಾಂತಿ ಬರಬಹುದು. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಆದ್ದರಿಂದ ತಾಜಾ ಮೀನನ್ನೇ ತನ್ನಿ. ಬುತ್ತಿಗೆ ಕಟ್ಟುವುದಾದರೆ ಬೆಳಿಗ್ಗೆ ಮಾಡಿದ್ದನ್ನು ಮಧ್ಯಾಹ್ನದೊಳಗೆ ತಿಂದು ಮುಗಿಸಿ. ಮೂರನೆಯದು, ಎಲೆ ಸಿಗಲಿಲ್ಲವೆಂದು ಬಿಸಿ ತಿಂಡಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಬೇಡಿ. ಮುದ್ರಣದ ಶಾಯಿ ಆಹಾರಕ್ಕೆ ಸೇರುತ್ತದೆ. ಹಾಗೆ ಮಾಡಬಾರದೆಂದು ಭಾರತೀಯ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರ 2016ರಲ್ಲೇ ತಿಳಿಸಿದೆ.

ಇನ್ನು ಸಂಘದ ಮುಂದೆ ನನ್ನದೊಂದು ವಿನಂತಿ. ಪ್ರತಿವರ್ಷ ನಾವು ಹೆಚ್ಚು ಅಂಕ ಪಡೆದ ಮಕ್ಕಳಿಗೆ ಬಹುಮಾನ ಕೊಡುತ್ತೇವೆ. ಕೊಡಲೇಬೇಕು. ನಮ್ಮ ಮಕ್ಕಳು ಡಾಕ್ಟರು, ಇಂಜಿನಿಯರು, ಅಧಿಕಾರಿಗಳು ಆಗಲೇಬೇಕು. ಆದರೆ ಶಾಲೆಯ ಬಾಗಿಲಲ್ಲಿ ಮನೆಯನ್ನು ಕಳಚಿಟ್ಟು ಒಳಗೆ ಬಂದ ಮಗು ಎಷ್ಟು ಓದಿದರೂ ತನ್ನದನ್ನು ಬರೆಯುವುದಿಲ್ಲ, ಇನ್ನೊಬ್ಬರ ಬೋರ್ಡನ್ನೇ ಬರೆಯುತ್ತದೆ. ಆದ್ದರಿಂದ ಇನ್ನೊಂದು ಸಣ್ಣ ಬಹುಮಾನ ಇಡೋಣ. ತನ್ನ ಮನೆಯ ಹಿರಿಯರಿಂದ ಒಂದು ಕೆಲಸವನ್ನು ಕೇಳಿ ತಿಳಿದು, ಅದು ಯಾಕೆ ಹಾಗೆ ಎಂದು ಪುಸ್ತಕದಿಂದ ಹುಡುಕಿ ಬರೆದ ಮಗುವಿಗೆ. ಅದು ಅಡುಗೆಯೇ ಆಗಬೇಕೆಂದಿಲ್ಲ. ಬಲೆ ಹೆಣೆಯುವುದಿರಬಹುದು, ಬೀಡಿ ಕಟ್ಟುವುದಿರಬಹುದು, ದೋಣಿಗೆ ಎಣ್ಣೆ ಬಳಿಯುವುದಿರಬಹುದು. ಅತ್ಯುತ್ತಮವಾದ ಎರಡು ಬರಹ ಮುಂದಿನ ವರ್ಷ ಇದೇ ಸಂಚಿಕೆಯಲ್ಲಿ ಬರಲಿ.

ಪೋಷಕರಲ್ಲಿ, ಮುಖ್ಯವಾಗಿ ತಾಯಂದಿರಲ್ಲಿ ಒಂದು ಮಾತು. ‘ನನಗೇನು ಗೊತ್ತು, ನಾನು ಓದಿದವಳಲ್ಲ’ ಎಂದು ಮಕ್ಕಳ ಮುಂದೆ ಹೇಳಬೇಡಿ. ಎಲೆ ಯಾವಾಗ ಬಾಡಿತು, ಮೀನು ಯಾವಾಗ ಬೆಂದಿತು ಎಂದು ಗಡಿಯಾರ, ಥರ್ಮಾಮೀಟರ್ ಇಲ್ಲದೆ ತಿಳಿಯುವ ನೀವು ಗೊತ್ತಿಲ್ಲದವರಲ್ಲ. ಅದನ್ನು ಮಗಳಿಗೂ ಹೇಳಿ, ಮಗನಿಗೂ ಹೇಳಿ.

ವಿದ್ಯಾರ್ಥಿಗಳೇ, ನಿಮಗೆ ದೊಡ್ಡ ಉಪದೇಶ ಇಲ್ಲ. ಪಕ್ಕದವರು ಬುತ್ತಿ ಬಿಚ್ಚಿದಾಗ ಮೂಗು ಮುಚ್ಚಬೇಡಿ. ‘ಇದು ಏನು, ಹೇಗೆ ಮಾಡುತ್ತಾರೆ?’ ಎಂದು ಕೇಳಿ. ಆ ಒಂದು ಪ್ರಶ್ನೆ ಅಂದು ನನ್ನ ಬಾಯಿಂದ ಬಂದಿದ್ದರೆ ಸಾಕಿತ್ತು.

ಕೊನೆಯ ಮಾತು. ಆ ಹುಡುಗಿ ಹತ್ತನೇ ತರಗತಿ ಪಾಸಾಗಿ ಕುಟುಂಬದ ಜೊತೆ ಬೇರೆ ಊರಿಗೆ ಹೋದಳು. ಇಂದು ಅವಳಿಗೆ ಇಪ್ಪತ್ತು ದಾಟಿರಬೇಕು. ನಾನು ಅವಳಲ್ಲಿ ಕ್ಷಮೆ ಕೇಳಿದೆ ಎಂದು ಆಗಲೇ ಹೇಳಿದೆನಲ್ಲ. ಅದು ಅರ್ಧ ಕ್ಷಮೆ. ಗದರಿಸಿದ್ದು ನಲವತ್ತು ಮಕ್ಕಳ ಮುಂದೆ, ಕ್ಷಮೆ ಕೇಳಿದ್ದು ಮನೆಯ ಒಳಗೆ, ಯಾರೂ ಇಲ್ಲದಾಗ. ತರಗತಿಯಲ್ಲಿ ಎಲ್ಲರ ಮುಂದೆ ಹೇಳುವ ಧೈರ್ಯ ಅಂದು ನನಗಿರಲಿಲ್ಲ, ಹೊಸ ಶಿಕ್ಷಕಿ, ಮರ್ಯಾದೆ ಹೋಗುತ್ತದೆ ಎಂದುಕೊಂಡೆ. ಇಂದು ಈ ಸಭೆಯಲ್ಲಿ ನಲವತ್ತಕ್ಕಿಂತ ಹೆಚ್ಚು ಜನರಿದ್ದೀರಿ. ಉಳಿದ ಅರ್ಧವನ್ನು ನಿಮ್ಮ ಮುಂದೆ ಹೇಳುತ್ತಿದ್ದೇನೆ. ಮಗಳೇ, ಅಂದು ನೀನು ತಂದದ್ದು ಒಳ್ಳೆಯ ಊಟವಾಗಿತ್ತು. ತಪ್ಪು ನನ್ನದು.

ಈ ಸಂಚಿಕೆ ಅವಳ ಕೈಗೆ ಸಿಗುತ್ತದೆಯೋ ಇಲ್ಲವೋ ಗೊತ್ತಿಲ್ಲ. ನಿಮ್ಮ ಕೈಗೆ ಸಿಕ್ಕಿದೆ. ಓದಿದ ಮೇಲೆ ನಿಮ್ಮ ಮನೆಯ ಅಜ್ಜಿಯ ಬಳಿ ಹೋಗಿ ಕುಳಿತು ಕೇಳಿ.